ವಾರ್ಡಿನ ಬಾಗಿಲಲ್ಲಿ ಕಾದು ನಿಂತ ದಾದಿ

ಬೆಟಗೇರಿಯ ಬಾಸೆಲ್ ಮಿಶನ್ ಆಸ್ಪತ್ರೆಗೆ ಹಳೆಯ ತಲೆಮಾರಿನವರು ಜರ್ಮನ್ ದವಾಖಾನೆ ಎಂದೇ ಹೇಳುತ್ತಿದ್ದರು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯವರಾದ ನಿಮ್ಮ ಮನೆಯಲ್ಲಿಯೂ ಆ ದವಾಖಾನೆಯಲ್ಲಿ ಹುಟ್ಟಿದವರೊಬ್ಬರು ಇರಬಹುದು. ಗದಗಿನಲ್ಲಿ ಈಗ ಸರಕಾರಿ ವೈದ್ಯಕೀಯ ಕಾಲೇಜು ಕೂಡ ಇದೆ. ಇಂತಹ ಯಾವುದೇ ಆಸ್ಪತ್ರೆಯ ವಾರ್ಡಿನಲ್ಲಿ ನಾಲ್ಕು ದಿನ ರೋಗಿಯ ಬಳಿ ಕುಳಿತವರು ನೀವಾಗಿದ್ದರೆ, ಅಲ್ಲಿ ನಡೆಯುವ ಒಂದು ಸಂಗತಿಯನ್ನು ಗಮನಿಸಿಯೇ ಇರುತ್ತೀರಿ. ಬೆಳಿಗ್ಗೆ ವೈದ್ಯರು ಬರುತ್ತಾರೆ. ಎಲ್ಲರೂ ಎದ್ದು ನಿಲ್ಲುತ್ತಾರೆ. ಹಿಂದೆ ಕೇಸ್ ಪೇಪರ್ ಹಿಡಿದ ದಾದಿ ಇರುತ್ತಾಳೆ. ವೈದ್ಯರು ಮಂಚದ ಬಳಿ ನಿಲ್ಲುವುದು ಐದು ನಿಮಿಷ. ಉಳಿದ ಹಗಲು ಮತ್ತು ರಾತ್ರಿ ರೋಗಿಯ ಹತ್ತಿರ ಇರುವುದು ದಾದಿ. ಆದರೂ ನಾವು ವೈದ್ಯರಿಗೆ ಡಾಕ್ಟರ್ ಸಾಹೇಬ್ರು ಎನ್ನುತ್ತೇವೆ, ದಾದಿಯನ್ನು ಸಲಾಯಿನ್ ಮುಗಿದಾಗ ಮಾತ್ರ ಕೂಗಿ ಕರೆಯುತ್ತೇವೆ.

ಇನ್ನೂ ಒಂದು ವಿಷಯವನ್ನು ನೇರವಾಗಿ ಕೇಳಬೇಕಾಗಿದೆ, ಬೇಸರಿಸಬೇಡಿ. ನಿಮ್ಮ ತಾಯಿಯನ್ನೋ ಪತ್ನಿಯನ್ನೋ ಆಸ್ಪತ್ರೆಗೆ ಸೇರಿಸಿದಾಗ ಅವರ ಶುಶ್ರೂಷೆಗೆ ಹೆಣ್ಣು ದಾದಿಯೇ ಬೇಕೆಂದು ನೀವು ಬಯಸುತ್ತೀರಿ. ಬಯಸುವುದು ಸರಿಯೇ. ಇದೇ ಕಾರಣಕ್ಕಾಗಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರು ಹಣ ಕೊಟ್ಟು ಬೆಂಗಳೂರಿನ ದಂಡು ಪ್ರದೇಶದಲ್ಲಿ ಪರದೆಯ ಸ್ತ್ರೀಯರಿಗಾಗಿ ಘೋಷಾ ಆಸ್ಪತ್ರೆಯನ್ನು ಕಟ್ಟಿಸಿದರು. ಅದು ಇಂದಿಗೂ ಅವರ ಹೆಸರಿನಲ್ಲಿಯೇ ಇದೆ. ಆದರೆ ಪಿ.ಯು.ಸಿ. ಮುಗಿಸಿದ ನಿಮ್ಮ ಮಗಳು ನರ್ಸಿಂಗ್ ಕಲಿಯುತ್ತೇನೆಂದರೆ ಮನೆಯಲ್ಲಿ ಮೌನ ಕವಿಯುತ್ತದೆ. ಎಂ.ಬಿ.ಬಿ.ಎಸ್. ಸೀಟು ಸಿಕ್ಕರೆ ಸಾಲ ಮಾಡಿಯಾದರೂ ಓದಿಸುವ ತಂದೆ, ನರ್ಸಿಂಗ್ ಎಂದೊಡನೆ ಬೀಗರು ಏನೆನ್ನುವರೋ ಎಂದು ಯೋಚಿಸತೊಡಗುತ್ತಾನೆ. ನಮ್ಮ ಮನೆಯ ಹೆಂಗಸರಿಗೆ ದಾದಿ ಬೇಕು, ದಾದಿ ಮಾತ್ರ ನಮ್ಮ ಮನೆಯಿಂದ ಬರಬಾರದು. ಈ ಲೆಕ್ಕ ಹೇಗೆ ಸರಿಹೊಂದುತ್ತದೆ ಎಂದು ನೀವೇ ಹೇಳಿ.

ಇಂತಹ ಮನೆಯೊಂದು 19ನೇ ಶತಮಾನದ ಇಂಗ್ಲೆಂಡಿನಲ್ಲಿಯೂ ಇತ್ತು. ಆ ಮನೆಯ ಮಗಳ ಹೆಸರನ್ನು ನೀವು ಶಾಲೆಯ ಪುಸ್ತಕದಲ್ಲಿ ಓದಿದ್ದೀರಿ: ಫ್ಲಾರೆನ್ಸ್ ನೈಟಿಂಗೇಲ್. ಶಾಲೆಯ ಪುಸ್ತಕಗಳು ಆಕೆಯ ಕೈಗೆ ಒಂದು ದೀಪ ಕೊಟ್ಟು ಅಷ್ಟಕ್ಕೇ ಬಿಟ್ಟುಬಿಡುತ್ತವೆ. ಆಕೆ ವೈದ್ಯರೊಡನೆ ಹೇಗೆ ನಡೆದುಕೊಂಡಳು, ವೈದ್ಯರು ಆಕೆಯೊಡನೆ ಹೇಗೆ ನಡೆದುಕೊಂಡರು ಎಂಬ ಭಾಗ ಅವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲಿ ಹೇಳಹೊರಟಿರುವುದು ಆ ಭಾಗವನ್ನೇ.

ಆಕೆ 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದಳು. ಹುಟ್ಟಿದ ಊರಿನ ಹೆಸರೇ ಮಗುವಿನ ಹೆಸರಾಯಿತು. ತಂದೆ ವಿಲಿಯಂ ಎಡ್ವರ್ಡ್ ನೈಟಿಂಗೇಲ್ ದೊಡ್ಡ ಜಮೀನುದಾರ. ಬೇಸಿಗೆಗೊಂದು ಬಂಗಲೆ, ಚಳಿಗಾಲಕ್ಕೊಂದು ಬಂಗಲೆ. ಗಂಡು ಮಕ್ಕಳಿರಲಿಲ್ಲ. ಆದ್ದರಿಂದಲೋ ಏನೋ, ಇಬ್ಬರು ಹೆಣ್ಣು ಮಕ್ಕಳಿಗೂ ತಂದೆಯೇ ಲ್ಯಾಟಿನ್, ಗ್ರೀಕ್, ಇತಿಹಾಸ ಕಲಿಸಿದ. ಕಿರಿಯ ಮಗಳಿಗೆ ಗಣಿತದಲ್ಲಿ ಅತ್ಯಾಸಕ್ತಿ. 16ನೆಯ ವಯಸ್ಸಿನಲ್ಲಿ, 1837ರಲ್ಲಿ, ದೇವನು ತನ್ನನ್ನು ಯಾವುದೋ ಸೇವೆಗೆ ಕರೆದಿದ್ದಾನೆಂಬ ದೃಢವಾದ ನಂಬಿಕೆ ಆಕೆಯಲ್ಲಿ ಮೂಡಿತು. ಯಾವ ಸೇವೆ ಎಂಬುದು ತಿಳಿಯಲು ಮತ್ತೆ ಎಷ್ಟೋ ವರ್ಷ ಬೇಕಾಯಿತು.

1845ರಲ್ಲಿ, ಮನೆಗೆ ಪರಿಚಿತರಾಗಿದ್ದ ವೈದ್ಯರೊಬ್ಬರ ಆಸ್ಪತ್ರೆಗೆ ಹೋಗಿ ಕೆಲವು ತಿಂಗಳು ಶುಶ್ರೂಷೆ ಕಲಿಯುತ್ತೇನೆಂದು ಆಕೆ ಮನೆಯಲ್ಲಿ ಹೇಳಿದಳು. ತಾಯಿ ಗಾಬರಿಯಾದಳು, ಅಕ್ಕ ಅತ್ತಳು, ತಂದೆ ಮನೆ ಬಿಟ್ಟು ಹೊರನಡೆದ. ಅವರನ್ನು ದೂಷಿಸುವಂತಿರಲಿಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ದಾದಿಯೆಂದರೆ ಬೇರೆ ಯಾವ ಕೆಲಸವೂ ಸಿಗದೆ ಬಂದವಳು, ಕುಡಿತದ ಚಟದವಳು ಎಂಬ ಹೆಸರಿತ್ತು. ಎಲ್ಲರೂ ಹಾಗಿರಲಿಲ್ಲ, ಆದರೆ ಹೆಸರು ಹಾಗಿತ್ತು. ವಾರ್ಡಿನಲ್ಲಿಯೇ ಮಲಗಿ, ಅಲ್ಲಿಯೇ ಅಡುಗೆ ಮಾಡಿ ಉಣ್ಣುವ ಆ ಹೆಂಗಸರಿಗೆ ಯಾರೂ ಏನನ್ನೂ ಕಲಿಸಿರಲಿಲ್ಲ. ಕಲಿಸದವರನ್ನು ಯಾರು ಗೌರವಿಸುತ್ತಾರೆ? ಗೌರವವಿಲ್ಲದ ಕೆಲಸಕ್ಕೆ ಒಳ್ಳೆಯ ಮನೆಯವರು ಯಾಕೆ ಬರುತ್ತಾರೆ? ಈ ಸುತ್ತು ಎಲ್ಲಿಯೂ ಒಡೆಯದೆ ತಿರುಗುತ್ತಲೇ ಇತ್ತು.

ಒಳ್ಳೆಯ ವರನೊಬ್ಬ ವರ್ಷಗಟ್ಟಲೆ ಕಾದ. 1849ರಲ್ಲಿ ಆಕೆ ಅವನಿಗೆ ಒಲ್ಲೆನೆಂದಳು. ಆ ವರ್ಷದ ಕೊನೆಗೆ ಕುಟುಂಬದ ಸ್ನೇಹಿತರೊಡನೆ ಈಜಿಪ್ಟಿಗೆ ಹೋದಳು. ಅಲೆಗ್ಸಾಂಡ್ರಿಯಾದಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಔಷಧಾಲಯದಲ್ಲಿ ಗಂಟೆಗಟ್ಟಲೆ ಕುಳಿತು ನೋಡಿದಳು. ಅಲ್ಲಿಯ ಹೆಂಗಸರ ಉಡುಪು ತೊಟ್ಟು ಮಸೀದಿಯೊಂದನ್ನೂ ನೋಡಿ ಬಂದಳು. ಮರಳುವಾಗ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಪಾದ್ರಿ ಫ್ಲೀಡ್ನರ್ 1836ರಲ್ಲಿ ಆರಂಭಿಸಿದ್ದ ಶುಶ್ರೂಷಾ ಸಂಸ್ಥೆಯನ್ನು ಕಂಡಳು. 1851ರಲ್ಲಿ ಅಲ್ಲಿಯೇ ಸುಮಾರು ಮೂರು ತಿಂಗಳಿದ್ದು ಕೆಲಸ ಕಲಿತಳು. ಆಕೆಯ ಇಡೀ ಜೀವನದ ಔಪಚಾರಿಕ ತರಬೇತಿ ಎಂದರೆ ಹೆಚ್ಚೂಕಡಿಮೆ ಇಷ್ಟೇ.

1853ರಲ್ಲಿ ಲಂಡನ್ನಿನ ಹಾರ್ಲೆ ಬೀದಿಯಲ್ಲಿ, ಬಡತನಕ್ಕೆ ಬಿದ್ದ ಮರ್ಯಾದಸ್ಥ ಸ್ತ್ರೀಯರಿಗಾಗಿದ್ದ ಸಣ್ಣ ಆಸ್ಪತ್ರೆಯ ಮೇಲ್ವಿಚಾರಣೆ ಆಕೆಗೆ ದೊರೆಯಿತು. ಸಂಬಳವಿಲ್ಲ. ತಂದೆ ಕೊನೆಗೂ ಮನಸ್ಸು ಕರಗಿ ವರ್ಷಕ್ಕೆ 500 ಪೌಂಡು ಕೊಡಲೊಪ್ಪಿದ್ದ. ಇಲ್ಲಿಯ ಒಂದು ಸಂಗತಿ ನಿಮಗೆ ತಿಳಿದಿರಬೇಕು. ಆಡಳಿತ ಮಂಡಳಿಯವರು ಇಂಗ್ಲೆಂಡಿನ ಚರ್ಚಿಗೆ ಸೇರಿದ ರೋಗಿಗಳನ್ನು ಮಾತ್ರ ಸೇರಿಸಿಕೊಳ್ಳಬೇಕೆಂದರು. ಹಾಗಾದರೆ ನಾನು ಹೊರಟೆ ಎಂದು ಆಕೆ ಎದ್ದುಬಿಟ್ಟಳು. ಕೊನೆಗೆ ಯಾವ ಧರ್ಮದವರನ್ನಾದರೂ ಸೇರಿಸಬಹುದು, ಅವರವರ ಪಾದ್ರಿಯಾಗಲಿ, ಯಹೂದಿ ಗುರುವಾಗಲಿ, ಮುಫ್ತಿಯಾಗಲಿ ಬಂದು ಅವರನ್ನು ಕಾಣಬಹುದು ಎಂಬ ನಿಯಮವೇ ಅಚ್ಚಾಯಿತು. ಅಂದಿನ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಗೆ ಯಾವ ಮುಫ್ತಿ ಹೋಗುವವನಿದ್ದ? ಆದರೂ ಆ ಪದವನ್ನು ಆಕೆ ಸೇರಿಸಿದಳು.

1854ರ ಮಾರ್ಚಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ತುರ್ಕಿಯ ಪರವಾಗಿ ರಷ್ಯದ ಮೇಲೆ ಯುದ್ಧ ಸಾರಿದವು. ಕಾಳಗ ನಡೆದದ್ದು ಕಪ್ಪು ಸಮುದ್ರದ ಆಚೆಯ ಕ್ರಿಮಿಯಾದಲ್ಲಿ. ಗಾಯಾಳುಗಳನ್ನು ಹಡಗಿನಲ್ಲಿ ಇಸ್ತಾಂಬುಲಿನ ಎದುರು ದಡದ ಉಸ್ಕುದಾರ್‌ಗೆ ತರುತ್ತಿದ್ದರು. ಇಂಗ್ಲಿಷರು ಆ ಊರನ್ನು ಸ್ಕುಟಾರಿ ಎನ್ನುತ್ತಿದ್ದರು. ಅಲ್ಲಿ ಸುಲ್ತಾನ್ ಸಲೀಮನ ಹೆಸರಿನ ದೊಡ್ಡ ಸೈನಿಕ ಬ್ಯಾರಕ್ಕನ್ನು ತುರ್ಕರು ಬ್ರಿಟಿಷರಿಗೆ ಆಸ್ಪತ್ರೆಗಾಗಿ ಬಿಟ್ಟುಕೊಟ್ಟಿದ್ದರು. ಆ ಕಟ್ಟಡ ಈಗಲೂ ಇದೆ, ಅದರ ಒಂದು ಗೋಪುರದಲ್ಲಿ ಫ್ಲಾರೆನ್ಸಳ ನೆನಪಿನ ಸಂಗ್ರಹಾಲಯವಿದೆ. ಆ ಆಸ್ಪತ್ರೆಯಲ್ಲಿ ಬ್ಯಾಂಡೇಜಿಗೂ ಗತಿಯಿಲ್ಲವೆಂದು ಲಂಡನ್ನಿನ ಪತ್ರಿಕೆಯಲ್ಲಿ ವರದಿಗಳು ಬಂದಾಗ ದೇಶವೇ ಅಲುಗಾಡಿತು. ಸಚಿವ ಸಿಡ್ನಿ ಹರ್ಬರ್ಟ್ ತನ್ನ ಕುಟುಂಬದ ಗೆಳತಿಯಾಗಿದ್ದ ಫ್ಲಾರೆನ್ಸಳಿಗೆ ಪತ್ರ ಬರೆದ. 1854ರ ಅಕ್ಟೋಬರ್ 21ರಂದು ಆಕೆ 38 ಮಂದಿ ದಾದಿಯರೊಡನೆ ಹೊರಟಳು. ಅವರಲ್ಲಿ 10 ಮಂದಿ ಕೆಥೋಲಿಕ್ ಸನ್ಯಾಸಿನಿಯರು, 14 ಮಂದಿ ಮಾತ್ರ ಆಸ್ಪತ್ರೆಗಳಲ್ಲಿ ಸಂಬಳಕ್ಕೆ ದುಡಿದವರು, ಉಳಿದವರು ಬೇರೆ ಧಾರ್ಮಿಕ ಸಂಘಗಳವರು.

ನವೆಂಬರ್ 4ರಂದು ಹಡಗು ಮುಟ್ಟಿತು. ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದಿ.

ಸೈನ್ಯದ ವೈದ್ಯರಿಗೆ ಈ ಹೆಂಗಸರು ಬೇಕಾಗಿರಲಿಲ್ಲ. ಅವರ ಅಸಮಾಧಾನಕ್ಕೆ ಕಾರಣಗಳೂ ಇದ್ದವು. ಅವರು ಹಗಲಿರುಳು ದುಡಿಯುತ್ತಿದ್ದರು. ಹಾಸಿಗೆ, ಬಟ್ಟೆ, ಆಹಾರದ ಸಾಮಾನು ಅವರ ಕೈಯಲ್ಲಿರಲಿಲ್ಲ, ಉಗ್ರಾಣದ ಅಧಿಕಾರಿಯ ಕೈಯಲ್ಲಿತ್ತು. ಸಾಮಾನು ಇಲ್ಲವೆಂದು ದೂರಿದವನಿಗೆ ಬಡ್ತಿ ತಪ್ಪುವ ಭಯವಿತ್ತು. ಇಂತಹ ವೇಳೆಯಲ್ಲಿ ಸಚಿವನ ಗೆಳತಿಯೊಬ್ಬಳು, ಪತ್ರಿಕೆಯ ನಿಧಿಯ ಬೆಂಬಲದೊಡನೆ ಬಂದಿಳಿದರೆ ಆಕೆಯನ್ನು ಗೂಢಚಾರಿಣಿ ಎಂದುಕೊಳ್ಳುವುದು ಸಹಜವೇ ಆಗಿತ್ತು. ದಾದಿಯರಿಗೆ ಕೊಟ್ಟದ್ದು ಬೆರಳೆಣಿಕೆಯ ಕೋಣೆಗಳನ್ನು. ಅವುಗಳಲ್ಲಿ ಒಂದರಲ್ಲಿ ಸತ್ತ ರಷ್ಯನ್ ಸೇನಾಪತಿಯ ಶವವಿನ್ನೂ ಇತ್ತು. ವಾರ್ಡಿಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ.

ಆಕೆಯ ಬಳಿ ಸಚಿವನ ಆದೇಶಪತ್ರವಿತ್ತು. ಬೇಕಾದಷ್ಟು ಹಣವಿತ್ತು. ವಾರ್ಡಿನೊಳಗೆ ಜನ ನರಳುತ್ತಿದ್ದರು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಆದೇಶಪತ್ರ ತೋರಿಸಿ ಒಳಗೆ ನುಗ್ಗುತ್ತಿದ್ದಿರೇನೋ. ಆಕೆ ಹಾಗೆ ಮಾಡಲಿಲ್ಲ. ವೈದ್ಯರು ಕರೆಯದೆ ಒಬ್ಬ ದಾದಿಯೂ ವಾರ್ಡಿಗೆ ಕಾಲಿಡಕೂಡದು, ವೈದ್ಯರು ಬರೆದುಕೊಡದೆ ಒಂದು ಲೋಟ ಗಂಜಿಯನ್ನೂ ರೋಗಿಗೆ ಕೊಡಕೂಡದು ಎಂದು ತನ್ನವರಿಗೇ ಕಟ್ಟಪ್ಪಣೆ ಮಾಡಿದಳು. ದಾದಿಯರು ಕುಳಿತು ಅಂಗಿ ಹೊಲಿದರು, ದಿಂಬು ತುಂಬಿದರು, ಮುರಿದ ಕೈಗೆ ಕಟ್ಟುವ ಜೋಳಿಗೆ ಹೊಲಿದರು. ಕೆಲವರು ಅತ್ತರು. ಸೇವೆ ಮಾಡಲು ಸಮುದ್ರ ದಾಟಿ ಬಂದವರನ್ನು ನರಳುವವರ ಎದುರಿಗೇ ಸೂಜಿ ಹಿಡಿದು ಕೂರಿಸಿದ ಆಕೆಯನ್ನು ಅವರು ಕಲ್ಲೆದೆಯವಳು ಎಂದುಕೊಂಡರು.

ಆ ನಿರ್ಧಾರ ಸರಿಯೇ ಎಂದು ಇಂದಿಗೂ ಚರ್ಚಿಸಬಹುದು. ಆ ಕೆಲವು ದಿನಗಳಲ್ಲಿ ಒಂದು ಲೋಟ ಗಂಜಿ ಸಿಗದೆ ಸತ್ತವರಿದ್ದರೆ ಅವರ ಲೆಕ್ಕ ಯಾರು ಕೊಡಬೇಕು? ಆದರೆ ಆಕೆಯ ಎಣಿಕೆ ಬೇರೆಯಿತ್ತು. ಇವತ್ತು ವೈದ್ಯರ ಮಾತು ಮೀರಿ ಒಬ್ಬನಿಗೆ ಉಣಿಸಿದರೆ ನಾಳೆ ಎಲ್ಲ ದಾದಿಯರನ್ನೂ ಹಡಗು ಹತ್ತಿಸಿ ಮರಳಿ ಕಳಿಸುತ್ತಾರೆ. ಮತ್ತೆ ನೂರು ವರ್ಷ ಹೆಣ್ಣು ದಾದಿಯನ್ನು ಯಾವ ಸೈನ್ಯವೂ ಕರೆಯುವುದಿಲ್ಲ. ವೈದ್ಯರಿಗೆ ನಂಬಿಕೆ ಬರುವವರೆಗೆ ಬಾಗಿಲಲ್ಲಿ ನಿಲ್ಲುವುದೇ ರೋಗಿಗಳನ್ನು ಮುಟ್ಟುವ ಹತ್ತಿರದ ದಾರಿ ಎಂದು ಆಕೆ ನಿಶ್ಚಯಿಸಿದಳು.

ಬಹಳ ದಿನ ಕಾಯಬೇಕಾಗಲಿಲ್ಲ. ಆಕೆ ಬಂದ ಮರುದಿನವೇ, ನವೆಂಬರ್ 5ರಂದು, ಇಂಕರ್ಮನ್ ಎಂಬಲ್ಲಿ ಘೋರ ಕಾಳಗ ನಡೆಯಿತು. ಗಾಯಾಳುಗಳು, ಅವರ ಬೆನ್ನಿಗೇ ಭೇದಿ, ಜ್ವರ, ಹಿಮದಿಂದ ಕೊಳೆತ ಕಾಲುಗಳ ರೋಗಿಗಳು ಹಡಗುಗಟ್ಟಲೆ ಬಂದರು. ವಾರ್ಡು ತುಂಬಿ, ಓಣಿ ತುಂಬಿ, ಜನ ಬರಿ ನೆಲದ ಮೇಲೆ ಸಾಲಾಗಿ ಮಲಗಿದರು. ಆಗ ವೈದ್ಯರೇ ಬಂದು ದಾದಿಯರನ್ನು ಕರೆದರು. ಹೊಲಿದಿಟ್ಟ ಅಂಗಿ, ದಿಂಬು, ಜೋಳಿಗೆ ಎಲ್ಲವೂ ಒಂದೇ ದಿನ ಉಪಯೋಗಕ್ಕೆ ಬಂದವು.

ಒಳಗೆ ಹೋದ ಮೇಲೆ ಆಕೆ ಮಾಡಿದ ಕೆಲಸದ ವಿವರ ಕೇಳಿದರೆ ಅದು ಶುಶ್ರೂಷೆಗಿಂತ ಹೆಚ್ಚಾಗಿ ಮನೆವಾರ್ತೆಯಂತೆ ಕಾಣುತ್ತದೆ. ನೆಲ ಉಜ್ಜಲು ಬ್ರಶ್ಶು, ಬಟ್ಟೆ ಒಗೆಯಲು ಒಂದು ಬಾಡಿಗೆ ಮನೆ, ಕಡಾಯಿ, ಸೈನಿಕರ ಹೆಂಡಂದಿರಿಗೆ ಒಗೆಯುವ ಕೂಲಿ, ತಟ್ಟೆ, ಚಮಚ, ಟವೆಲು, ಸಾಬೂನು. ಸುಟ್ಟು ಹಾಳಾಗಿದ್ದ ಕಟ್ಟಡದ ಭಾಗವೊಂದನ್ನು 200 ಕೂಲಿಯಾಳುಗಳನ್ನು ಹಿಡಿದು ದುರಸ್ತಿ ಮಾಡಿಸಿ ಸುಮಾರು 800 ರೋಗಿಗಳಿಗೆ ಜಾಗ ಮಾಡಿದಳು. ಹಣವನ್ನು ಮೊದಲು ತಾನೇ ಕೊಟ್ಟಳು. ಆದರೆ ಎಲ್ಲದಕ್ಕೂ ವೈದ್ಯರ ಸಹಿಯ ಚೀಟಿ ಇರಲೇಬೇಕು. ರಾತ್ರಿಯ ಹೊತ್ತು ಬೇರೆ ದಾದಿಯರು ವಾರ್ಡಿನಲ್ಲಿ ಇರಕೂಡದೆಂಬ ನಿಯಮ ಮಾಡಿದಳು. ದೀಪ ಹಿಡಿದು ಓಣಿಗಳನ್ನು ಸುತ್ತಿದ್ದು ಆಕೆಯೊಬ್ಬಳೇ. ಆ ಓಣಿಗಳಲ್ಲಿ ಮಂಚಗಳ ಸಾಲನ್ನು ಅಳೆದರೆ ಸುಮಾರು ನಾಲ್ಕು ಮೈಲಿ ಆಗುತ್ತಿತ್ತು. ಕುಡಿದು ಬಂದ ದಾದಿಯರನ್ನು ಮುಲಾಜಿಲ್ಲದೆ ಹಿಂದಕ್ಕೆ ಕಳಿಸಿದಳು.

ವೈದ್ಯರೆಲ್ಲರೂ ಒಲಿದರು ಎಂದು ತಿಳಿಯಬೇಡಿ. ಕ್ರಿಮಿಯಾದ ಸೈನ್ಯದ ವೈದ್ಯಕೀಯ ಮುಖ್ಯಸ್ಥ ಡಾ. ಜಾನ್ ಹಾಲ್ ಕೊನೆಯವರೆಗೂ ಆಕೆಯನ್ನು ಒಪ್ಪಲಿಲ್ಲ. ಆಕೆಯ ನೇಮಕಾತಿ ಪತ್ರದಲ್ಲಿ ತುರ್ಕಿಯಲ್ಲಿರುವ ಆಸ್ಪತ್ರೆಗಳು ಎಂಬ ಪದವಿತ್ತು. ಕ್ರಿಮಿಯಾ ತುರ್ಕಿಯಲ್ಲ, ಆದ್ದರಿಂದ ಅಲ್ಲಿಯ ಆಸ್ಪತ್ರೆಗಳ ದಾದಿಯರ ಮೇಲೆ ಆಕೆಗೆ ಅಧಿಕಾರವಿಲ್ಲ ಎಂದು ಆತ ವಾದಿಸಿದ. ಒಂದು ಪದದ ಮೇಲೆ ವರ್ಷವಿಡೀ ಜಗಳ. ಆಕೆ 1855ರ ಮೇ ತಿಂಗಳಲ್ಲಿ ಕ್ರಿಮಿಯಾಕ್ಕೆ ಹೋದಾಗ ಸಾವಿನಂಚಿಗೆ ಒಯ್ದ ಜ್ವರವೂ ಬಂತು. ಮರುವರ್ಷ ದಾದಿಯರೊಡನೆ ಮತ್ತೆ ಬಾಲಕ್ಲಾವಾಕ್ಕೆ ಹೋದಾಗ ಅವರ ಪಾಲಿನ ರೇಶನ್ನನ್ನೇ ಕೊಡಲಿಲ್ಲ. ಹೀಗಾಗಬಹುದೆಂದು ಊಹಿಸಿದ್ದ ಆಕೆ ಆಹಾರ ಸಾಮಾನನ್ನು ಜೊತೆಗೇ ತಂದಿದ್ದಳು. ಕೊನೆಗೆ 1856ರ ಮಾರ್ಚಿನಲ್ಲಿ ಸರಕಾರವು ಸೈನ್ಯದ ಸಾಮಾನ್ಯ ಆದೇಶದ ಮೂಲಕ ಎಲ್ಲ ಸೈನಿಕ ಆಸ್ಪತ್ರೆಗಳ ದಾದಿಯರಿಗೂ ಆಕೆಯೇ ಮುಖ್ಯಸ್ಥೆ ಎಂದೂ, ದಾದಿಯರ ವಿಷಯದಲ್ಲಿ ಮುಖ್ಯ ವೈದ್ಯರು ಆಕೆಯ ಮೂಲಕವೇ ವ್ಯವಹರಿಸಬೇಕೆಂದೂ ಸಾರಿತು. ಅಷ್ಟರಲ್ಲಿ ಯುದ್ಧವೇ ಮುಗಿಯುತ್ತ ಬಂದಿತ್ತು.

ಆಕೆಯದೂ ಸೌಮ್ಯ ಸ್ವಭಾವವಲ್ಲ. 1854ರ ಡಿಸೆಂಬರಿನಲ್ಲಿ ಗೆಳತಿ ಮೇರಿ ಸ್ಟಾನ್ಲಿ ಇನ್ನೂ 40ಕ್ಕೂ ಹೆಚ್ಚು ಹೆಂಗಸರನ್ನು ಕರೆದುಕೊಂಡು ಬಂದಾಗ, ತನ್ನನ್ನು ಕೇಳದೆ, ವೈದ್ಯರೂ ಕೇಳದೆ ಇವರನ್ನು ಯಾಕೆ ಕಳಿಸಿದಿರಿ ಎಂದು ಸಿಡಿದೆದ್ದಳು. ಗೆಳೆತನ ಅಲ್ಲಿಗೇ ಮುರಿಯಿತು. ಡಾ. ಹಾಲ್ ಕುರಿತು ಆಕೆ ಖಾಸಗಿ ಪತ್ರಗಳಲ್ಲಿ ಬರೆದ ಕುಹಕಗಳು ಓದಲು ಹಿತವಾಗಿಲ್ಲ. ವಾರ್ಡಿನಲ್ಲಿ ಮಾತ್ರ ಆತನ ಅಧೀನದ ವೈದ್ಯನ ಚೀಟಿಯಿಲ್ಲದೆ ಆಕೆ ಏನನ್ನೂ ಮಾಡಲಿಲ್ಲ. ಮನಸ್ಸಿನಲ್ಲಿ ಒಪ್ಪದ ಮನುಷ್ಯನೊಡನೆ ಕೆಲಸದಲ್ಲಿ ಹೇಗಿರಬೇಕೆಂಬುದು ಬೇರೆಯೇ ವಿದ್ಯೆ.

ಸಾವಿನ ಸಂಖ್ಯೆಯ ಕಥೆಯನ್ನೂ ನೀವು ಸರಿಯಾಗಿ ತಿಳಿದುಕೊಳ್ಳಬೇಕು. ಆಕೆ ಬಂದು ಮೂರು ತಿಂಗಳಾದ ಮೇಲೂ, 1855ರ ಫೆಬ್ರವರಿಯಲ್ಲಿ, ಸ್ಕುಟಾರಿಯ ರೋಗಿಗಳಲ್ಲಿ ನೂರಕ್ಕೆ 42 ಮಂದಿ ಸಾಯುತ್ತಿದ್ದರು. ಜೂನ್ ವೇಳೆಗೆ ಅದು ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು. ಮಧ್ಯೆ ನಡೆದದ್ದೇನು? ಮಾರ್ಚಿನಲ್ಲಿ ಡಾ. ಜಾನ್ ಸದರ್ಲ್ಯಾಂಡ್ ಮತ್ತು ಇಂಜಿನಿಯರ್ ರಾಬರ್ಟ್ ರಾಲಿನ್ಸನ್ ಅವರ ನೈರ್ಮಲ್ಯ ಆಯೋಗ ಬಂತು. ಕಟ್ಟಡದ ಕೆಳಗೆ ಗಟಾರುಗಳು ಕಟ್ಟಿಕೊಂಡು ಕೊಳೆಯುತ್ತಿದ್ದವು. ಕುಡಿಯುವ ನೀರು ಬರುವ ಕಾಲುವೆಯಲ್ಲಿ ಸತ್ತ ಕುದುರೆ ಬಿದ್ದಿತ್ತು. ಅವರು ಗಟಾರು ತೊಳೆಸಿದರು, ಗೋಡೆಗೆ ಸುಣ್ಣ ಬಳಿಸಿದರು, ಗಾಳಿಗೆ ದಾರಿ ಮಾಡಿಸಿದರು. ದೀಪದ ಕೀರ್ತಿ ಆಕೆಗೆ ಬಂತು, ಗಟಾರು ತೊಳೆಸಿದವರ ಹೆಸರು ಶಾಲೆಯ ಪುಸ್ತಕದಲ್ಲಿಲ್ಲ. ಆಕೆ ಆ ಕೀರ್ತಿಯನ್ನು ಇಟ್ಟುಕೊಂಡು ಸುಮ್ಮನಿರಬಹುದಿತ್ತು. ಬದಲಿಗೆ 1857ರಿಂದ ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರೊಡನೆ ಕುಳಿತು ಲೆಕ್ಕ ಹಾಕಿದಳು. ಸೈನಿಕರನ್ನು ಹೆಚ್ಚಾಗಿ ಕೊಂದದ್ದು ಗುಂಡಲ್ಲ, ತಡೆಯಬಹುದಾಗಿದ್ದ ರೋಗ ಎಂಬುದನ್ನು ಬಣ್ಣದ ಚಿತ್ರವಾಗಿ ಬರೆದು ರಾಣಿಗೂ ಸಚಿವರಿಗೂ ತೋರಿಸಿದಳು. ಡಾ. ಸದರ್ಲ್ಯಾಂಡ್ ಆಮೇಲೆ ಮೂವತ್ತು ವರ್ಷ ಆಕೆಯೊಡನೆ ದುಡಿದರು. ಬಾಲ್ಯದ ಗಣಿತ ಇಲ್ಲಿ ಕೈಹಿಡಿಯಿತು. 1858ರಲ್ಲಿ ಬ್ರಿಟನ್ನಿನ ಅಂಕಿಅಂಶ ಸಂಘ ಆಕೆಯನ್ನು ಸದಸ್ಯೆಯಾಗಿ ಆರಿಸಿತು. ಆ ಸಂಘದಲ್ಲಿ ಆಕೆಯೇ ಮೊದಲ ಮಹಿಳೆ.

ಯುದ್ಧ ಮುಗಿದಾಗ ತುರ್ಕಿಯ ಸುಲ್ತಾನ್ ಅಬ್ದುಲ್ ಮಜೀದ್ ಆಕೆಗೆ ವಜ್ರದ ಕಡಗವನ್ನೂ, ದಾದಿಯರಿಗೆ ಹಂಚಲು ಹಣವನ್ನೂ ಕೊಟ್ಟ. ಇಂಗ್ಲೆಂಡಿನಲ್ಲಿ ಮೆರವಣಿಗೆಗೆ ಸಿದ್ಧತೆ ನಡೆದಿತ್ತು. ಆಕೆ ಮಿಸ್ ಸ್ಮಿತ್ ಎಂಬ ಹೆಸರಿನಲ್ಲಿ ಪ್ರಯಾಣ ಮಾಡಿ, 1856ರ ಆಗಸ್ಟಿನಲ್ಲಿ ಯಾರಿಗೂ ತಿಳಿಯದಂತೆ ರೈಲು ನಿಲ್ದಾಣದಿಂದ ನಡೆದುಕೊಂಡೇ ಮನೆ ಸೇರಿದಳು.

ಜನ ಆಕೆಯ ಹೆಸರಿನಲ್ಲಿ ಕೂಡಿಸಿದ ನಿಧಿ ಸುಮಾರು 45,000 ಪೌಂಡು. ಅದರಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಆರಂಭವಾಯಿತು. ಮೊದಲ ತಂಡದಲ್ಲಿ 15 ಮಂದಿ. ಅದೇ ಆಸ್ಪತ್ರೆಯ ಹಿರಿಯ ಶಸ್ತ್ರವೈದ್ಯ ಜಾನ್ ಫ್ಲಿಂಟ್ ಸೌತ್ 1857ರಲ್ಲಿಯೇ ಪುಸ್ತಿಕೆ ಬರೆದು, ದಾದಿಯರೆಂದರೆ ಮನೆಗೆಲಸದವರಂತೆ, ಅವರಿಗೆ ಕಲಿಸಬೇಕಾದದ್ದು ಹೆಚ್ಚೇನಿಲ್ಲ ಎಂಬ ಅಭಿಪ್ರಾಯವನ್ನು ಸಾರಿದ್ದ. ಲಂಡನ್ನಿನ ಆಸ್ಪತ್ರೆ ವೈದ್ಯರಲ್ಲಿ ಬಹಳ ಮಂದಿಯದು ಅದೇ ಅಭಿಪ್ರಾಯವೆಂದೂ ಹೇಳಿಕೊಂಡಿದ್ದ. ಕಲಿತ ದಾದಿ ಎದುರುತ್ತರ ಕೊಟ್ಟಾಳೆಂಬ ಅಂಜಿಕೆ ಇದರ ಹಿಂದೆ ಇತ್ತು ಎಂದು ನನಗನಿಸುತ್ತದೆ. ಈ ಅಂಜಿಕೆ ನಮ್ಮ ಕಾಲದಲ್ಲಿಯೂ ಪೂರ್ತಿ ಹೋಗಿಲ್ಲ.

ಆ ಶಾಲೆಯಲ್ಲಿ ಆಕೆ ಮಾಡಿದ ಒಂದು ಏರ್ಪಾಡು ಇಂದು ಬೆಟಗೇರಿಯ ಆಸ್ಪತ್ರೆಯಲ್ಲಿಯೂ ನಿಮಗೆ ಕಾಣುತ್ತದೆ. ದಾದಿಯ ಶಿಸ್ತು, ಪಾಳಿ, ನಡತೆ, ತರಬೇತಿ ಇವೆಲ್ಲ ಮೇಟ್ರನ್ ಎಂಬ ಹಿರಿಯ ದಾದಿಯ ಕೈಯಲ್ಲಿ. ರೋಗಿಯ ಚಿಕಿತ್ಸೆಯ ವಿಷಯದಲ್ಲಿ ಮಾತ್ರ ವೈದ್ಯರ ಮಾತು. ಅದಕ್ಕೆ ಮೊದಲು ವೈದ್ಯನೋ ಆಡಳಿತದ ಗುಮಾಸ್ತನೋ ದಾದಿಯನ್ನು ಇಡಬಹುದಿತ್ತು, ತೆಗೆಯಬಹುದಿತ್ತು, ಗದರಬಹುದಿತ್ತು. ದಾದಿಯನ್ನು ದಾದಿಯೇ ಆಳಬೇಕು ಎಂದಾಗ ಆಕೆ ವೈದ್ಯರ ಸ್ಥಾನವನ್ನು ಕಿತ್ತುಕೊಳ್ಳಲಿಲ್ಲ, ಗೆರೆಯನ್ನು ಸ್ಪಷ್ಟವಾಗಿ ಎಳೆದಳು. ಮನೆಯಲ್ಲಿ ಯಾರ ಹೊಣೆ ಯಾವುದೆಂದು ತಿಳಿಯದಿದ್ದರೆ ಅತ್ತೆ ಸೊಸೆಯರ ನಡುವೆ ಏನಾಗುತ್ತದೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ.

ಶುಶ್ರೂಷೆಯ ಕುರಿತು ಆಕೆ 1859ರಲ್ಲಿ ಬರೆದ ಚಿಕ್ಕ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವ ಬಗ್ಗೆ ಒಂದು ಅಧ್ಯಾಯವಿದೆ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ನಿಮಗೂ ಅದು ಉಪಯೋಗಕ್ಕೆ ಬರುತ್ತದೆ. ವೈದ್ಯ ದಿನಕ್ಕೆ ಒಮ್ಮೆ ಬರುತ್ತಾನೆ. ಅವನು ನೋಡದ ಹೊತ್ತಿನಲ್ಲಿ ಏನಾಯಿತೆಂದು ಹೇಳಬೇಕಾದವಳು ದಾದಿ. ರಾತ್ರಿ ನಿದ್ದೆ ಚೆನ್ನಾಗಿ ಬಂತೇ ಎಂದು ವೈದ್ಯ ಕೇಳಿ, ದಾದಿ ಹೌದು ಎಂದುಬಿಟ್ಟರೆ ಇಬ್ಬರಿಗೂ ಏನೂ ತಿಳಿಯುವುದಿಲ್ಲ. ಒಬ್ಬನಿಗೆ ಹತ್ತು ಗಂಟೆ ಎಚ್ಚರವಿಲ್ಲದೆ ಮಲಗಿದರೆ ಮಾತ್ರ ಚೆನ್ನಾಗಿ ಮಲಗಿದಂತೆ, ಇನ್ನೊಬ್ಬನಿಗೆ ನಡುನಡುವೆ ಜೊಂಪು ಹತ್ತಿದರೂ ಸಾಕು. ಆದ್ದರಿಂದ ಎಷ್ಟು ಗಂಟೆ ಮಲಗಿದ, ಯಾವ ಹೊತ್ತಿನಲ್ಲಿ ಎಚ್ಚರವಾಯಿತು ಎಂದು ಕೇಳಬೇಕು, ಹೇಳಬೇಕು. ಊಟ ಮಾಡಿದನೇ ಎಂದಲ್ಲ, ಎಷ್ಟು ಉಂಡ ಎಂದು. ದಾದಿ ತನ್ನ ಅಭಿಪ್ರಾಯ ಹೇಳುವ ಮೊದಲು ಕಂಡದ್ದನ್ನು ಕಂಡಂತೆ ಹೇಳಲಿ, ವೈದ್ಯ ಅದನ್ನು ಕಿವಿಗೊಟ್ಟು ಕೇಳಲಿ. ವಿಧೇಯತೆಯೊಂದೇ ದಾದಿಯ ಗುಣವೆಂದು ಹೊಗಳುವವರನ್ನು ಆಕೆ ಅದೇ ಪುಸ್ತಕದಲ್ಲಿ ಹಾಸ್ಯ ಮಾಡಿದ್ದಾಳೆ. ಅಷ್ಟೇ ಬೇಕಾದರೆ ಕುದುರೆಯೂ ಆಗುತ್ತದೆ ಎಂಬುದು ಆಕೆಯ ವಾದದ ತಾತ್ಪರ್ಯ. ಸ್ಕುಟಾರಿಯ ಬಾಗಿಲಲ್ಲಿ ವಿಧೇಯಳಾಗಿ ನಿಂತವಳೇ ಇದನ್ನು ಬರೆದದ್ದು.

ಈ ಮಾತು ಪುಸ್ತಕದ್ದೆಂದು ಬದಿಗಿಡಬೇಡಿ. ರಾತ್ರಿ ಪಾಳಿಯ ದಾದಿಗೆ ಚೀಟಿಯಲ್ಲಿ ಬರೆದ ಔಷಧದ ಪ್ರಮಾಣ ಹೆಚ್ಚಾದಂತೆ ಕಾಣುತ್ತದೆ ಎಂದುಕೊಳ್ಳಿ. ಫೋನು ಮಾಡಿ ಕೇಳಿದರೆ ವೈದ್ಯರು ಗದರುವರೆಂಬ ಭಯವಿರುವ ಆಸ್ಪತ್ರೆಯಲ್ಲಿ ಆಕೆ ಸುಮ್ಮನೆ ಕೊಟ್ಟುಬಿಡುತ್ತಾಳೆ. ಕೇಳಿದ್ದಕ್ಕೆ ಒಳ್ಳೆಯದಾಯಿತು ಎನ್ನುವ ವೈದ್ಯರಿರುವ ಕಡೆ ಕೇಳುತ್ತಾಳೆ. ಅಲ್ಲಿ ಮಂಚದ ಮೇಲೆ ಮಲಗಿರುವುದು ನಿಮ್ಮ ಮಗು.

1857ರ ನಂತರ ಫ್ಲಾರೆನ್ಸಳ ಆರೋಗ್ಯ ಸಂಪೂರ್ಣ ಕೆಟ್ಟಿತು. ವರ್ಷಾನುಗಟ್ಟಲೆ ಹಾಸಿಗೆ ಮೇಲಿನಿಂದಲೇ ಕೆಲಸ ಮಾಡಿದಳು. ನಮ್ಮ ದೇಶದ ಕೆಲಸವೂ ಅದರಲ್ಲಿತ್ತು. ಭಾರತದಲ್ಲಿನ ಸೈನ್ಯದ ಆರೋಗ್ಯದ ಬಗ್ಗೆ 1859ರಲ್ಲಿ ನೇಮಕವಾದ ರಾಯಲ್ ಆಯೋಗಕ್ಕಾಗಿ ಆಕೆ ಪ್ರಶ್ನಾವಳಿ ಸಿದ್ಧಪಡಿಸಿ ಇಲ್ಲಿಯ ಸೈನಿಕ ಠಾಣ್ಯಗಳಿಗೆಲ್ಲ ಕಳಿಸಿದಳು. ಆಗ ಬೆಂಗಳೂರು, ಬಳ್ಳಾರಿ, ಬೆಳಗಾವಿಗಳಲ್ಲಿ ದೊಡ್ಡ ದಂಡುಗಳಿದ್ದವು. ನೀರು ಎಲ್ಲಿಂದ ಬರುತ್ತದೆ, ಗಟಾರು ಎಲ್ಲಿಗೆ ಹೋಗುತ್ತದೆ, ಒಬ್ಬನಿಗೆ ಮಲಗಲು ಎಷ್ಟು ಜಾಗ ಎಂಬಂತಹ ಪ್ರಶ್ನೆಗಳು. ಇಲ್ಲಿಯ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು ಆಯೋಗ 1863ರಲ್ಲಿ ವರದಿ ಮಾಡಿತು. ಹತ್ತು ವರ್ಷಗಳ ನಂತರ ಅದು 18ಕ್ಕೆ ಇಳಿದಿತ್ತು. ಬರಬರುತ್ತಾ ಆಕೆಯ ಗಮನ ಸೈನಿಕರಿಂದ ಹಳ್ಳಿಗಳ ರೈತರು, ಬರಗಾಲ, ಬಾಣಂತಿಯರ ಕಡೆಗೆ ತಿರುಗಿತು. ಭಾರತಕ್ಕೆ ಮಾತ್ರ ಆಕೆ ಎಂದೂ ಬರಲಿಲ್ಲ.

ಎಲ್ಲ ವಿಷಯಗಳಲ್ಲಿಯೂ ಆಕೆ ಸರಿಯಾಗಿದ್ದಳು ಎನ್ನಲಾಗದು. ರೋಗಾಣುಗಳ ಸಿದ್ಧಾಂತವನ್ನು ಬಹುಕಾಲ ಒಪ್ಪಲಿಲ್ಲ. ವೈದ್ಯರಿಗಿರುವಂತೆ ದಾದಿಯರಿಗೂ ಸರಕಾರಿ ನೋಂದಣಿ ಬೇಕೆಂದು 1887ರಿಂದ ಇತರ ದಾದಿಯರು ಹೋರಾಡಿದಾಗ ಆಕೆ ಅದನ್ನು ವಿರೋಧಿಸಿದಳು. ನಡತೆಯನ್ನು ಪರೀಕ್ಷೆಯ ಅಂಕಗಳಿಂದ ಅಳೆಯಲಾಗದೆಂಬುದು ಆಕೆಯ ಆಕ್ಷೇಪ. ಆಕ್ಷೇಪದಲ್ಲಿ ಸತ್ಯವಿದ್ದರೂ, ನೋಂದಣಿಯಿಲ್ಲದೆ ಈ ವೃತ್ತಿಗೆ ಕಾನೂನಿನ ಕಣ್ಣಲ್ಲಿ ಬೆಲೆ ಬರುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಅದು 1919ರಲ್ಲಿ ಬಂತು. ನಮ್ಮಲ್ಲಿ 1947ರ ಕಾನೂನಿನಿಂದ ಭಾರತೀಯ ನರ್ಸಿಂಗ್ ಪರಿಷತ್ತು ಸ್ಥಾಪನೆಯಾಯಿತು.

ದಾದಿಯ ಕೆಲಸ ನಮ್ಮವರದಲ್ಲ, ಪರರದು ಎನ್ನುವವರಿಗೆ ಒಂದು ನೆನಪು ಮಾಡಿಕೊಡಬೇಕು. ಫ್ಲಾರೆನ್ಸ್ ಹುಟ್ಟುವುದಕ್ಕೆ ಸುಮಾರು 1200 ವರ್ಷಗಳ ಮೊದಲು, ಹಿಜರಿ 5ರಲ್ಲಿ ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿ(ಸ)ಯವರು ಅಸ್ಲಮ್ ಗೋತ್ರದ ರುಫೈದಾ(ರ) ಎಂಬ ಮಹಿಳೆಯ ಡೇರೆಗೆ ಒಪ್ಪಿಸಿದ್ದರು. ಆ ಡೇರೆ ಇದ್ದುದು ಮದೀನಾದ ಮಸೀದಿಯಲ್ಲಿಯೇ. ಊರಿನ ಅತಿ ಗೌರವದ ಜಾಗದಲ್ಲಿ, ಎಲ್ಲರ ಕಣ್ಣೆದುರು, ಗಾಯಾಳುಗಳಿಗೆ ಔಷಧ ಹಚ್ಚುವ ಹೆಂಗಸೊಬ್ಬರಿದ್ದರು. ಬೀಗರು ಏನೆನ್ನುವರೋ ಎಂದು ಯೋಚಿಸುವ ತಂದೆ ಆ ಡೇರೆಯನ್ನೊಮ್ಮೆ ಮನಸ್ಸಿನಲ್ಲಿ ನೋಡಲಿ.

ಫ್ಲಾರೆನ್ಸ್ ಬಹುಕಾಲ ಬದುಕಿದಳು. ಕೊನೆಯ ವರ್ಷಗಳಲ್ಲಿ ಕಣ್ಣು ಹೋಯಿತು, ನೆನಪು ಮಸುಕಾಯಿತು. 1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಎಂಬ ಉನ್ನತ ಗೌರವವನ್ನು ಮೊದಲ ಬಾರಿ ಒಬ್ಬ ಸ್ತ್ರೀಗೆ ಕೊಟ್ಟಾಗ, ಅದು ಏನೆಂದು ತಿಳಿಯುವ ಸ್ಥಿತಿಯಲ್ಲಿಯೂ ಆಕೆ ಹೆಚ್ಚಾಗಿ ಇರಲಿಲ್ಲ. 1910ರ ಆಗಸ್ಟ್ 13ರಂದು, 90ನೆಯ ವಯಸ್ಸಿನಲ್ಲಿ ತೀರಿಕೊಂಡಳು. ರಾಜರನ್ನು ಹೂಳುವ ವೆಸ್ಟ್‌ಮಿನ್ಸ್ಟರ್ ಅಬೆಯಲ್ಲಿ ಜಾಗ ಕೊಡಲು ಸರಕಾರ ಮುಂದೆ ಬಂದಿತು. ಆಡಂಬರ ಬೇಡವೆಂಬ ಆಕೆಯ ಇಚ್ಛೆಯಂತೆ ಕುಟುಂಬದವರು ನಿರಾಕರಿಸಿದರು. ಸೈನ್ಯದ ಸಾರ್ಜೆಂಟರು ಹೆಗಲು ಕೊಟ್ಟು ಒಯ್ದು ಹಳ್ಳಿಯ ಚರ್ಚಿನ ಅಂಗಳದಲ್ಲಿ, ತಂದೆತಾಯಿಯ ಪಕ್ಕದಲ್ಲಿ ಹೂಳಿದರು. ಕುಟುಂಬದ ಆ ಸಮಾಧಿಯ ಕಲ್ಲಿನ ಮೇಲೆ ಆಕೆಯ ಪೂರ್ತಿ ಹೆಸರಿಲ್ಲ, ಎರಡು ಅಕ್ಷರ ಮತ್ತು ಎರಡು ತಾರೀಖುಗಳಿವೆ.